ರತ್ನಿ ಹೊಡೆದ ಗೋಲು

ಆ ಗೋಲು ನನ್ನದಲ್ಲ.

ಚೇಳೂರಿನ ಭಾಗ್ಯ ದೇಶಕ್ಕೆ ಹೊಡೆದುಕೊಟ್ಟ ಗೋಲು ಎಂದು ನೀವೆಲ್ಲ ಹೇಳಿಕೊಂಡು ತಿರುಗಿದಿರಲ್ಲ — ನನ್ನನ್ನು ತೆರೆದ ಜೀಪಿನಲ್ಲಿ ನಿಲ್ಲಿಸಿ, ಕಣ್ಣು ಮುಚ್ಚುವಷ್ಟು ದೊಡ್ಡ ಮೈಸೂರು ಪೇಟ ತಲೆಗಿಟ್ಟು, ಚೇಳೂರಿನಿಂದ ಗುಬ್ಬಿಯವರೆಗೆ ಮೆರವಣಿಗೆ ಮಾಡಿದಿರಲ್ಲ — ಆ ಗೋಲು. ಅದು ನನ್ನ ತಲೆಗೆ ತಾಗಲೇ ಇಲ್ಲ. ತಾಗಿದ್ದು ರತ್ನಿಯ ತಲೆಗೆ. ಕಣ್ಣಾರೆ ಕಂಡವಳು ನಾನೊಬ್ಬಳೇ. ಕಂಡೂ ನನ್ನದು ಎಂದೆ. ಎಂಟು ವರ್ಷ ಹಾಗೆಯೇ ಇಟ್ಟುಕೊಂಡೆ.

ಅಬ್ಬಾ, ಬರೆದೇಬಿಟ್ಟೆ! ಇನ್ನು ಮೊದಲಿನಿಂದ ಹೇಳುತ್ತೇನೆ. ನಾನು ಮಾತು ಜಾಸ್ತಿ ಆಡುವವಳು, ಸ್ವಲ್ಪ ಸಹಿಸಿಕೊಳ್ಳಿ.

ಫುಟ್‌ಬಾಲ್‌ನಲ್ಲಿ ನಾನು ಬ್ಯಾಕು. ಹಾಗೆಂದರೆ ಹಿಂದೆ ನಿಂತು, ಎದುರಾಳಿಗಳು ನಮ್ಮ ಗೋಲಿನ ಹತ್ತಿರ ಸುಳಿಯದ ಹಾಗೆ ತಡೆಯುವವಳು. ತಡೆದದ್ದನ್ನು ಯಾರೂ ನೆನಪಿಡುವುದಿಲ್ಲ, ಬಿಟ್ಟದ್ದನ್ನು ಮಾತ್ರ ಊರೆಲ್ಲ ನೆನಪಿಡುತ್ತದೆ. ಹತ್ತು ವರ್ಷ ದೇಶದ ಅಂಗಿ ತೊಟ್ಟು ಹೀಗೆ ತಡೆಯುತ್ತಲೇ ಇದ್ದೆ. ಅಷ್ಟು ವರ್ಷದಲ್ಲಿ ನನ್ನ ಹೆಸರಿನ ಮುಂದೆ ಬಿದ್ದದ್ದು ಒಂದೇ ಒಂದು ಗೋಲು. ಅದೂ ಕದ್ದದ್ದು ಎಂದರೆ… ಇರಲಿ, ಬರುತ್ತೇನೆ ಅಲ್ಲಿಗೆ.

ರತ್ನಿ ನನಗೆ ಸಿಕ್ಕಿದ್ದು ತುಮಕೂರಿನ ಕ್ರೀಡಾ ಹಾಸ್ಟೆಲ್‌ನಲ್ಲಿ, ಇಬ್ಬರೂ ಎಂಟನೇ ಕ್ಲಾಸಿಗೆ ಸೇರಿದ ದಿನ. ಅವಳು ಕುಣಿಗಲ್ಲಿನವಳು. ಕಿಟಕಿ ಪಕ್ಕದ ಮಂಚಕ್ಕಾಗಿ ಇಬ್ಬರೂ ಕಿತ್ತಾಡಿದೆವು. ನಾನು ಗೆದ್ದೆ. ರಾತ್ರಿ ಆ ಕಿಟಕಿಯಿಂದ ಸೊಳ್ಳೆಗಳ ದಂಡೇ ನುಗ್ಗಿತು. ಬೆಳಿಗ್ಗೆ ನನ್ನ ಊದಿದ ಮುಖ ನೋಡಿ ಅವಳು ನಕ್ಕ ನಗು ಇದೆಯಲ್ಲ, ಆವತ್ತೇ ನಾವಿಬ್ಬರೂ ಒಂದಾದೆವು. ತರಬೇತುದಾರರು ಇಬ್ಬರ ಎತ್ತರ ನೋಡಿ ಅಕ್ಕಪಕ್ಕ ಬ್ಯಾಕ್ ನಿಲ್ಲಿಸಿದರು. ಭಾನುವಾರ ದೇವರಾಯನದುರ್ಗದ ಬೆಟ್ಟ ಓಡಿ ಹತ್ತಿಸುತ್ತಿದ್ದರು. ನಾವು ಮೇಲೆ ಹೋಗಿ ದೇವರಿಗೆ ಕೈ ಮುಗಿದು, ಕೋತಿಗಳ ಕಣ್ಣು ತಪ್ಪಿಸಿ ಬಾಳೆಹಣ್ಣು ತಿಂದು, ಇಳಿದು ಬಂದ ಮೇಲೆ ತಟ್ಟೆ ಇಡ್ಲಿ ಎಷ್ಟು ತಿನ್ನಬಹುದು ಎಂದು ಪಂದ್ಯ ಕಟ್ಟುತ್ತಿದ್ದೆವು. ಅದರಲ್ಲಿ ಯಾವಾಗಲೂ ಅವಳದೇ ಗೆಲುವು.

ಅವಳಿಗೊಂದು ಅಭ್ಯಾಸವಿತ್ತು. ಬಾಲು ಎಲ್ಲೇ ಇರಲಿ, ಅದು ಬರುವ ಮುಂಚೆ ಒಮ್ಮೆ ತಿರುಗಿ ನಾನೆಲ್ಲಿದ್ದೇನೆ ಎಂದು ನೋಡುತ್ತಿದ್ದಳು. ‘ಬಾಲ್ ನೋಡು, ಅವಳನ್ನೇನು ನೋಡ್ತೀಯ?’ ಎಂದು ತರಬೇತುದಾರರು ಬೈದೂ ಬೈದೂ ಸಾಕಾದರು. ಅವಳು ಬಿಡಲಿಲ್ಲ. ‘ಇವ್ಳು ಎಲ್ಲವ್ಳೆ ಅಂತ ಗೊತ್ತಾಗ್ದೆ ನಂಗೆ ಕಾಲೇ ಬರಲ್ಲ ಸಾರ್’ ಎನ್ನುತ್ತಿದ್ದಳು.

ಅವಳ ಅಪ್ಪ ನಂಜಪ್ಪನವರು ಕುದುರೆಗಳಿಗೆ ಲಾಳ ಹೊಡೆಯುವ ಕೆಲಸದವರು. ಕುಣಿಗಲ್ಲಿನಲ್ಲಿ ಕುದುರೆ ಸಾಕುವುದು ನಿಮಗೆ ಗೊತ್ತೇ ಇದೆ. ನಾನೂ ಅವರನ್ನು ಅಪ್ಪಾಜಿ ಎಂದೇ ಕರೆಯುತ್ತಿದ್ದೆ. ಹಾಸ್ಟೆಲ್‌ಗೆ ಬಂದರೆ ನಮ್ಮಿಬ್ಬರ ಬೂಟನ್ನೂ ತೊಡೆಯ ಮೇಲಿಟ್ಟುಕೊಂಡು, ಸಡಿಲವಾದ ಅಡಿಯನ್ನು ಕುದುರೆಯ ಗೊರಸು ನೋಡುವಂತೆಯೇ ತಿರುಗಿಸಿ ನೋಡಿ, ಬಿಗಿ ಮಾಡಿ ಕೊಡುತ್ತಿದ್ದರು. ಪ್ರತಿ ಭಾನುವಾರ ಅವರ ಫೋನು. ಪ್ರತಿ ಸಲವೂ ಅದೇ ಪ್ರಶ್ನೆ.

‘ಹೊಡ್ದೇನವ್ವಾ ಒಂದು?’

‘ಅಪ್ಪಾ, ನಾನು ಬ್ಯಾಕು. ಹೊಡಿಯೋದಲ್ಲ ನನ್ ಕೆಲ್ಸ, ತಡಿಯೋದು.’

‘ತಡಿಯೋದ್ ತಡಿ ಮಗಾ. ಬ್ಯಾಡ ಅಂದೋರ್ಯಾರು? ಮಧ್ಯದಲ್ ಒಂದ್ ಹೊಡಿ.’

ಪಕ್ಕದಲ್ಲಿ ನಿಂತು ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆ ಪ್ರಶ್ನೆ ನನ್ನ ಕೊರಳಿಗೇ ಒಂದು ದಿನ ಬೀಳುತ್ತದೆ ಎಂದು ಯಾರಿಗೆ ಗೊತ್ತಿತ್ತು?

ದೇಶದ ತಂಡಕ್ಕೆ ನಾನು ಎರಡು ವರ್ಷ ಮೊದಲು ಹೋದೆ. ರತ್ನಿಯ ಹೆಸರು ಬಂದ ದಿನ ನಾನು ಕ್ಯಾಂಪಿನ ಊಟದ ಕೋಣೆಯಲ್ಲಿ ತಟ್ಟೆ ಬಡಿದು ಕುಣಿದಿದ್ದೇನೆ. ಅಲ್ಲಿ ನಾವಿಬ್ಬರೂ ಸೇರಿದ ಮೇಲೆ ಕೇಳಬೇಕೆ! ಮೈದಾನದಲ್ಲಿ ನಮ್ಮದೆಲ್ಲ ಕನ್ನಡ. ‘ಬುಡು ಬುಡು’ ಎಂದರೆ ಆ ಬಾಲು ಬಿಡು, ಹಿಂದಿನಿಂದ ನಾನು ನೋಡಿಕೊಳ್ಳುತ್ತೇನೆ ಎಂದು. ಬೇರೆ ರಾಜ್ಯದಿಂದ ಬಂದಿದ್ದ ನಮ್ಮ ಕೋಚ್‌ಗೆ ಕುತೂಹಲ, ಬುಡು ಎಂದರೇನು ಎಂದು ಕೇಳಿದರು. ರತ್ನಿ ಕಣ್ಣು ಮಿಟುಕಿಸದೆ ‘ನಮ್ಮೂರ ದೇವ್ರ ಹೆಸರು ಸರ್’ ಎಂದಳು. ಅವತ್ತಿನಿಂದ ಅಭ್ಯಾಸದ ಪಂದ್ಯಗಳಲ್ಲಿ ನಮ್ಮ ಮೇಲೆ ಒತ್ತಡ ಬಿದ್ದಾಗಲೆಲ್ಲ ಆ ಪುಣ್ಯಾತ್ಮರು ಗೆರೆಯ ಆಚೆ ನಿಂತು ಭಕ್ತಿಯಿಂದ ‘ಬುಡು! ಬುಡು!’ ಎಂದು ಕೂಗುವರು. ನಾವು ಬಾಲು ಬಿಟ್ಟು ನಗಬೇಕೋ, ತಡೆಯಬೇಕೋ!

ಇನ್ನು ಆ ಪಂದ್ಯ.

ಅದು ಹೊರದೇಶದ ಒಂದು ಸಣ್ಣ ಊರು. ಚಳಿಗೆ ಮೂಗು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕು. ರತ್ನಿಗೆ ದೇಶದ ಪರವಾಗಿ ಅದು ಮೊದಲ ಪಂದ್ಯ. ಎರಡೂ ಕಡೆ ಗೋಲಿಲ್ಲ, ಇನ್ನೈದೇ ನಿಮಿಷ ಬಾಕಿ. ನಮಗೊಂದು ಕಾರ್ನರ್ ಸಿಕ್ಕಿತು. ಕಾರ್ನರ್ ಎಂದರೆ ಎತ್ತರದ ಬ್ಯಾಕುಗಳೂ ಮುಂದೆ ಹೋಗಿ ಎದುರಾಳಿಗಳ ಗೋಲಿನ ಬಾಯಲ್ಲಿ ನಿಲ್ಲುತ್ತಾರೆ. ನಾವಿಬ್ಬರೂ ಹೋದೆವು. ಮೂಲೆಯಿಂದ ಬಾಲು ಎದ್ದಿತು. ಆಗ ರತ್ನಿ — ಅದೇ ಹಳೆಯ ಅಭ್ಯಾಸ — ಬಾಲಿಗೆ ಬೆನ್ನು ಹಾಕಿ ನನ್ನ ಕಡೆ ತಿರುಗಿದಳು. ನನ್ನನ್ನು ನೋಡಿ ‘ಎಗರೇ!’ ಎಂದಳು.

ನಾನು ಎಗರಿದೆ, ಕತ್ತು ಬೀಸಿದೆ. ಬಾಲು ನನ್ನವರೆಗೆ ಬರಲೇ ಇಲ್ಲ. ಅದು ರತ್ನಿಯ ಹಿಂದಲೆಗೆ ಧಪ್ಪೆಂದು ಬಡಿದು, ನನ್ನ ಕಿವಿಯ ಪಕ್ಕದಲ್ಲೇ ಹಾದು ಗೋಲಿನೊಳಗೆ ಹೋಯಿತು. ಅವಳು ಅಲ್ಲೇ ಬಿದ್ದಳು. ನಾನು ಕೆಳಗಿಳಿಯುವಷ್ಟರಲ್ಲಿ ಇಡೀ ತಂಡ ನನ್ನ ಮೇಲೆ ಬಿದ್ದಿತ್ತು. ಎಗರಿದವಳು ನಾನು, ಕತ್ತು ಬೀಸಿದವಳು ನಾನು, ಎಲ್ಲರಿಗೂ ಕಂಡದ್ದು ಅಷ್ಟೇ. ದೂರದಲ್ಲಿದ್ದ ಒಂಟಿ ಕ್ಯಾಮೆರಾಗೂ ಕಂಡದ್ದು ಅಷ್ಟೇ.

ಅಲ್ಲಿಯವರೆಗೆ ನನ್ನ ತಪ್ಪೇನಿಲ್ಲ. ಆದರೆ ಪಂದ್ಯ ಮುಗಿದ ಮೇಲೆ ಕೈಯಲ್ಲಿ ಕಾಗದ ಹಿಡಿದ ಒಬ್ಬ ಅಧಿಕಾರಿ ಬಂದು, ಬಾಲು ಕೊನೆಗೆ ತಾಗಿದ್ದು ಯಾರಿಗೆ ಎಂದು ಕೇಳಿದ. ನಮ್ಮ ಮ್ಯಾನೇಜರ್ ನನ್ನ ಮುಖ ನೋಡಿದರು. ರತ್ನಿ ಅಲ್ಲಿರಲಿಲ್ಲ, ಒಳಗೆ ತಲೆಗೆ ಮಂಜುಗಡ್ಡೆ ಒತ್ತಿಸಿಕೊಂಡು ಮಲಗಿದ್ದಳು. ಯೋಚಿಸಲು ಬೇಕಾದಷ್ಟು ಹೊತ್ತಿತ್ತು. ಯಾರೂ ಅವಸರ ಮಾಡಲಿಲ್ಲ. ಇದನ್ನು ಯಾಕೆ ಹೇಳುತ್ತೇನೆಂದರೆ, ಬಾಯಿ ತಪ್ಪಿ ಬಂತು ಎನ್ನುವ ಹಾಗಿಲ್ಲ ನಾನು. ಯೋಚಿಸಿಯೇ ಹೇಳಿದೆ.

‘ನನಗೇ.’

ಆಮೇಲೆ ಒಳಗೆ ಹೋದೆ. ರತ್ನಿ ಕಣ್ಣು ಬಿಟ್ಟು ‘ಏನಾಯ್ತೇ?’ ಎಂದಳು.

‘ಗೆದ್ವಿ ಕಣೇ.’

‘ಹೊಡ್ದಿದ್ ಯಾರು?’

‘ನಾನು.’

ಅವಳು ಮಲಗಿದಲ್ಲಿಂದಲೇ ನನ್ನ ಕತ್ತು ಹಿಡಿದು ಎಳೆದು ಮುತ್ತು ಕೊಟ್ಟಳು. ಆಮೇಲೆ ತಲೆಯ ಹಿಂದೆ ಮುಟ್ಟಿಕೊಂಡು, ‘ಮತ್ತೆ ಇದೇನೇ, ನಿಂಬೆಹಣ್ಣಿನಷ್ಟು ಊದ್ಕೊಂಡೈತೆ?’ ಎಂದಳು.

‘ನನ್ ತಲೆ ತಗುಲ್ತು. ತಪ್ಪಾಯ್ತು ಕಣೇ.’

‘ನಿಂದು ತಲೆನಾ, ಕೊಬ್ಬರಿ ಗಿಟುಕಾ?’

ನೋಡಿ, ಮಾಡದ ತಪ್ಪಿಗೆ ಕೈ ಮುಗಿದು ಕ್ಷಮೆ ಕೇಳಿದೆ. ಮಾಡಿದ್ದಕ್ಕೆ ಕೇಳಲಿಲ್ಲ.

ಊರಿಗೆ ಬಂದಾಗ ಏನಾಯಿತು ಎಂದು ನಿಮಗೇ ಗೊತ್ತು. ಗುಬ್ಬಿಯ ಸಭೆಯಲ್ಲಿ ಒಬ್ಬ ಭಾಷಣಕಾರರು ನನ್ನನ್ನು ಗೋಲ್‌ಕೀಪರ್ ಎಂದೇ ತಿಳಿದು ಅರ್ಧ ಗಂಟೆ ಹೊಗಳಿದರು. ನಮ್ಮಪ್ಪ ಎದ್ದು ನಿಂತು, ‘ಸ್ವಾಮಿ, ನನ್ ಮಗ್ಳು ಹೊಡ್ದಿರೋದು, ಹಿಡ್ದಿರೋದಲ್ಲ’ ಎಂದು ಸರಿಪಡಿಸಿದರು. ಜನ ಚಪ್ಪಾಳೆ ಹೊಡೆದರು. ನಾನೂ ನಕ್ಕೆ. ಸುಳ್ಳು ಹೇಳಿದವರಿಗೆ ನಿದ್ದೆ ಬರುವುದಿಲ್ಲ, ಅನ್ನ ಸೇರುವುದಿಲ್ಲ ಎನ್ನುತ್ತಾರಲ್ಲ — ನನಗೆ ಎರಡೂ ಚೆನ್ನಾಗಿಯೇ ಆಗುತ್ತಿತ್ತು. ಖುಷಿಯಾಗಿದ್ದೆ. ಅದನ್ನೂ ಮುಚ್ಚಿಡುವುದಿಲ್ಲ.

ಆ ಸಭೆಗೆ ನಂಜಪ್ಪನವರೂ ಬಂದಿದ್ದರು, ಕುಣಿಗಲ್ಲಿನಿಂದ ಎರಡು ಬಸ್ಸು ಬದಲಾಯಿಸಿ. ಕಾರ್ಯಕ್ರಮ ಮುಗಿದ ಮೇಲೆ ವೇದಿಕೆಯ ಹಿಂದೆ ಬಂದು, ಟವೆಲ್ಲಿನಲ್ಲಿ ಸುತ್ತಿದ್ದ ಒಂದು ಗಂಟು ಬಿಚ್ಚಿದರು. ಒಳಗೆ ಒಂದು ಲಾಳ. ಕರಿ ಕುದುರೆಯದು, ತೇದು ತೇದು ಬೆಳ್ಳಗೆ ಹೊಳೆಯುತ್ತಿತ್ತು. ಕರಿ ಕುದುರೆಯ ಕಾಲಿನಲ್ಲಿ ತೇದ ಲಾಳವನ್ನು ಬಾಗಿಲಿಗೆ ಹೊಡೆದರೆ ಮನೆಗೆ ದೃಷ್ಟಿ ತಾಗುವುದಿಲ್ಲ ಎಂದು ನಮ್ಮ ಕಡೆ ನಂಬಿಕೆ. ಕೇಳಿದವರಿಗೆಲ್ಲ ಅವರು ಕೊಡುವವರಲ್ಲ.

‘ರತ್ನಿ ಗೋಲ್ ಹೊಡ್ದಾಗ ನಮ್ ಬಾಗ್ಲಿಗೆ ಹೊಡಿಯಾನ ಅಂತ ಮಡಗಿದ್ದೆ ಕಣವ್ವ,’ ಎಂದರು. ‘ಹೊಡ್ದೋಳು ನೀನು. ನೀನೇನ್ ಬೇರೆನಾ? ಮಡಿಕೋ.’

ನಾನು ಎರಡೂ ಕೈ ಚಾಚಿ ತೆಗೆದುಕೊಂಡೆ. ಅವರ ಕಾಲಿಗೂ ಬಿದ್ದೆ. ರತ್ನಿ ಪಕ್ಕದಲ್ಲಿ ನಿಂತು ‘ನಮ್ಮಪ್ಪ ನನ್ನೇ ಮರೆತ್ಬುಟ್ರು ನೋಡು’ ಎಂದು ಹುಸಿಮುನಿಸು ತೋರಿಸಿ ನಗುತ್ತಿದ್ದಳು.

ಮುಂದಿನ ಕ್ಯಾಂಪಿನಲ್ಲಿ ಅವಳ ಮೊಣಕಾಲು ಹೋಯಿತು. ಸುಮ್ಮನೆ ಅಭ್ಯಾಸದಲ್ಲಿ, ಯಾರೂ ತಾಗಿಸದೆ, ತಿರುಗುವಾಗ. ಆಪರೇಷನ್ ಆಯಿತು, ನಡೆದಳು, ಓಡಿದಳು, ಆದರೆ ದೇಶದ ಅಂಗಿ ಮತ್ತೆ ಸಿಗಲಿಲ್ಲ. ಅವಳ ಪಾಲಿಗೆ ಬಂದದ್ದು ಅದೊಂದೇ ಪಂದ್ಯ. ಆ ಒಂದು ಪಂದ್ಯದಲ್ಲಿ ಅವಳದೊಂದು ಗೋಲಿತ್ತು. ಅದು ನನ್ನ ಹತ್ತಿರವಿತ್ತು.

ಕೊರಗುತ್ತ ಕೂರುವವಳಲ್ಲ ರತ್ನಿ. ಕುಣಿಗಲ್ಲಿನ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್ ಆದಳು, ಹೆಣ್ಣುಮಕ್ಕಳ ತಂಡ ಕಟ್ಟಿದಳು. ಆ ಮಕ್ಕಳಿಗೆ ಪ್ರತಿ ವರ್ಷ ಆ ಗೋಲಿನ ನಾಟಕ ಆಡಿ ತೋರಿಸುತ್ತಾಳೆ ಎಂದು ಕೇಳಿದ್ದೆ. ಭಾಗ್ಯ ಮೇಡಂ ಹೇಗೆ ಎಗರಿದರು, ಅವರ ಗಿಟುಕು ತಲೆ ತನ್ನ ಹಿಂದಲೆಗೆ ಹೇಗೆ ಗುದ್ದಿತು, ತಾನು ಹೇಗೆ ದೊಪ್ಪನೆ ಬಿದ್ದೆ — ಎಲ್ಲ. ಮಕ್ಕಳು ಬಿದ್ದು ಬಿದ್ದು ನಗುತ್ತವಂತೆ.

ಹೇಳಲು ನನಗೊಂದು ಅವಕಾಶ ಬಂದಿತ್ತು. ಮೂರು ವರ್ಷದ ಹಿಂದೆ ನಂಜಪ್ಪನವರು ತುಮಕೂರಿನ ಆಸ್ಪತ್ರೆಯಲ್ಲಿದ್ದರು. ನಾನು ನೋಡಲು ಹೋದೆ. ರತ್ನಿ ಟೀ ತರಲು ಕೆಳಗೆ ಹೋಗಿದ್ದಳು. ಅವರು ನನ್ನ ಕೈ ಹಿಡಿದುಕೊಂಡು, ‘ಲಾಳ ಬಾಗ್ಲಲ್ಲಿ ಅದಾ ಮಗಾ?’ ಎಂದು ಕೇಳಿದರು.

‘ಅದೆ ಅಪ್ಪಾಜಿ.’

‘ಒಳ್ಳೇದಾಯ್ತು. ಇವ್ಳು ಒಂದೂ ಹೊಡೀಲಿಲ್ಲ ನೋಡು,’ ಎಂದು ನಕ್ಕರು. ಹೇಳಬೇಕಿತ್ತು. ಬಾಯಿಗೆ ಬಂದಿತ್ತು, ನಿಜವಾಗಿ ಬಂದಿತ್ತು… ಅಷ್ಟರಲ್ಲಿ ರತ್ನಿ ಟೀ ಹಿಡಿದುಕೊಂಡು ಬಂದಳು. ಟೀ ಕುಡಿದೆ. ಆ ವಾರವೇ ಅವರು ಹೋದರು.

ಈ ವರ್ಷ ನಾನು ಆಟ ನಿಲ್ಲಿಸಿ ಊರಿಗೆ ಬಂದೆ. ತಮ್ಮನ ಮದುವೆಗೆಂದು ಮನೆಗೆ ಬಣ್ಣ ಹೊಡೆಸುತ್ತಿದ್ದರು. ಬಣ್ಣದವನು ಬಾಗಿಲಿನ ಲಾಳ ಕಿತ್ತು ನನ್ನ ಕೈಗಿಟ್ಟು, ‘ಅಕ್ಕಾ, ಇದು ಎಲ್ಲಿಗ್ ಹೊಡೀಬೇಕು?’ ಎಂದ. ಒಳಗಿಂದ ಅಮ್ಮ ‘ಎಲ್ಲಿತ್ತೋ ಅಲ್ಲಿಗೇ ಹೊಡಿಯಪ್ಪ’ ಎಂದರು. ನಾನು ಅದನ್ನು ಹಿಡಿದುಕೊಂಡು ಜಗಲಿಯ ಮೇಲೆ ಕುಳಿತೇ ಇದ್ದೆ. ಬಣ್ಣದವನು ಮೂರು ಸಲ ಕೇಳಿದ. ಕೊನೆಗೆ ‘ಬೇಡ, ಇದು ಈ ಮನೇದಲ್ಲ’ ಎಂದೆ. ಆ ಸತ್ಯವನ್ನು ನಾನು ಮೊದಲು ಹೇಳಿದ್ದು ಬಣ್ಣದವನಿಗೆ!

ಅದೇ ವಾರದ ಶನಿವಾರ ರತ್ನಿ ತನ್ನ ಶಾಲೆಗೆ ಕರೆದಿದ್ದಳು. ಅವಳ ಹುಡುಗಿಯರು ತಾಲ್ಲೂಕು ಮಟ್ಟದಲ್ಲಿ ಗೆದ್ದಿದ್ದರು. ಲಾಳವನ್ನು ಹಳೆಯ ಜೆರ್ಸಿಯಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು ಕುಣಿಗಲ್ಲಿಗೆ ಹೋದೆ. ಮೊದಲು ಅವಳೊಬ್ಬಳನ್ನೇ ಪಕ್ಕಕ್ಕೆ ಕರೆದು ಹೇಳುವುದು ಎಂದುಕೊಂಡಿದ್ದೆ. ಅವಳು ಬಿಟ್ಟರೆ ತಾನೆ! ಬಸ್ಸಿನಿಂದ ಇಳಿದವಳನ್ನು ಸೀದಾ ಮೈದಾನಕ್ಕೆ ಎಳೆದುಕೊಂಡು ಹೋದಳು. ‘ಮಕ್ಳೇ, ಪ್ರತಿ ವರ್ಷ ಡೂಪ್ಲಿಕೇಟ್ ತೋರುಸ್ತಿದ್ದೆ. ಇವತ್ತು ಒರಿಜಿನಲ್ ಬಂದವ್ಳೆ!’ ಎಂದಳು. ಹುಡುಗಿಯರು ಹೋ ಎಂದರು.

ರತ್ನಿ ನನ್ನ ಮುಂದೆ, ಕಾರ್ನರ್ ಕಡೆಗೆ ಮುಖ ಮಾಡಿ ನಿಂತಳು. ನಾನು ಅವಳ ಬೆನ್ನ ಹಿಂದೆ. ಒಬ್ಬ ಹುಡುಗಿ ಮೂಲೆಯಿಂದ ಬಾಲು ಒದ್ದಳು. ನಾನು ಎಗರಿ ತಲೆ ಕೊಟ್ಟೆ, ಬಾಲು ಗೋಲಿಗೆ ಹೋಯಿತು.

‘ಎಲ್ಲೇ ಗುದ್ದಿದ್ದು? ಹೆದರ್ಬ್ಯಾಡ, ಅವತ್ತಿನಂಗೇ ಗುದ್ದು!’ ಎಂದಳು ರತ್ನಿ.

ಇನ್ನೊಮ್ಮೆ. ಮತ್ತೂ ಒಮ್ಮೆ. ಬಾಲಿಗೆ ತಲೆ ಕೊಡುತ್ತಿದ್ದೆ, ಅವಳಿಗೆ ಗುದ್ದಲು ನನ್ನಿಂದ ಆಗುತ್ತಿರಲಿಲ್ಲ. ಹುಡುಗಿಯರೆಲ್ಲ ‘ಗುದ್ದಿ ಮೇಡಂ! ಗುದ್ದಿ ಮೇಡಂ!’ ಎಂದು ಕೂಗುತ್ತಿದ್ದರು. ಬಾಯಲ್ಲಿ ಎಂಟು ವರ್ಷ ಹೇಳಿದ ಸುಳ್ಳನ್ನು ಮೈಯಲ್ಲಿ ಒಂದು ಸಲ ಆಡಿ ತೋರಿಸಲಾಗಲಿಲ್ಲ.

ನಾನು ಅವಳ ಎರಡೂ ಭುಜ ಹಿಡಿದು ನನ್ನ ಕಡೆ ತಿರುಗಿಸಿದೆ.

‘ರತ್ನಿ, ಅವತ್ತು ನೀನು ಆ ಕಡೆ ನೋಡ್ಕೊಂಡ್ ನಿಂತಿರ್ಲಿಲ್ಲ. ಹಿಂಗ್ ನಿಂತಿದ್ದೆ. ನನ್ನನ್ನ ನೋಡ್ತಾ, “ಎಗರೇ” ಅಂದೆ.’

‘ಹೂಂ, ಅಂದೆ.’

‘ನಾನು ನಿನ್ ಮುಂದಿದ್ದೆ. ನಿನ್ ಹಿಂದೆ ಏನಿತ್ತು, ಹೇಳು.’

ಅವಳು ಕತ್ತು ತಿರುಗಿಸಿ ಮೂಲೆಯ ಕಡೆ ನೋಡಿದಳು. ಅಲ್ಲಿ ಆ ಹುಡುಗಿ ಬಾಲು ಇಟ್ಟುಕೊಂಡು ನಿಂತಿದ್ದಳು. ರತ್ನಿಯ ಕೈ ತಾನಾಗಿ ತಲೆಯ ಹಿಂದಕ್ಕೆ ಹೋಯಿತು.

‘ಬಾಲು,’ ಎಂದಳು.

ಅಷ್ಟೇ. ಉಳಿದದ್ದನ್ನು ನಾನು ಹೇಳಿದೆ — ಅಧಿಕಾರಿ ಕೇಳಿದ್ದು, ನಾನು ಹೇಳಿದ್ದು. ಮಕ್ಕಳೆಲ್ಲ ಕೇಳುತ್ತಿದ್ದರು, ಕೇಳಲಿ ಎಂದುಕೊಂಡೆ. ರತ್ನಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಬಂತು ನೋಡಿ!

‘ಏನ್ಲೇ, ಎಂಟ್ ವರ್ಷದಿಂದ ನಿನ್ ತಲೆನ ಬೈಕೊಂಡ್ ತಿರುಗ್ದೆನಲ್ಲೇ! ಆ ತಲೆ ಏನೂ ಮಾಡೇ ಇರ್ಲಿಲ್ವಾ? ಕಳ್ಳಿ! ಮನೆಹಾಳಿ! ಮುತ್ ಬೇರೆ ಕೊಟ್ಟಿದ್ನಲ್ಲೇ!’ ಕಾಲ ಬಳಿಯಿದ್ದ ಬಾಲನ್ನು ನನ್ನ ಹೊಟ್ಟೆಗೆ ಒದ್ದಳು. ಬ್ಯಾಕಿನ ಒದೆತ, ಉಸಿರೇ ನಿಂತಿತು. ಬಗ್ಗಿ ನಿಂತವಳಿಗೆ ಅವಳ ಧ್ವನಿ ಬದಲಾದದ್ದು ಕೇಳಿಸಿತು.

‘ಹಂಗಾದ್ರೆ… ನಂದೂ ಒಂದ್ ಗೋಲ್ ಐತೆ?’

‘ನಿಂದೂ ಅಂತಲ್ಲ, ನಿಂದೇ. ನಂದು ಒಂದೂ ಇಲ್ಲ.’

ಅವಳು ಓಡಿದಳು. ಆಪರೇಷನ್ ಆದ ಮೊಣಕಾಲಿನಲ್ಲಿ, ದುಪಟ್ಟಾ ಸೊಂಟಕ್ಕೆ ಕಟ್ಟಿ, ಎರಡೂ ಕೈ ಮೇಲೆತ್ತಿ, ‘ಗೋಲ್! ಗೋಲ್!’ ಎಂದು ಕೂಗುತ್ತ ಮೈದಾನ ಸುತ್ತಿದಳು. ಹುಡುಗಿಯರೆಲ್ಲ ಅವಳ ಹಿಂದೆ ಓಡಿ, ಹಿಡಿದು, ನೆಲಕ್ಕೆ ಕೆಡವಿ ಮೇಲೆ ಬಿದ್ದರು — ಗೋಲು ಹೊಡೆದವರ ಮೇಲೆ ಬೀಳುತ್ತಾರಲ್ಲ, ಹಾಗೆ. ಎಂಟು ವರ್ಷ ತಡವಾಗಿ. ನನ್ನ ಜನ್ಮದಲ್ಲಿ ನಾನು ಕಂಡ ಅತಿ ಚಂದದ ಸಂಭ್ರಮ ಅದು. ನಾನೂ ಅಳುತ್ತ ನಗುತ್ತ ನಿಂತಿದ್ದೆ, ದೂರದಲ್ಲೇ. ಆ ರಾಶಿಯಲ್ಲಿ ನನಗೆ ಜಾಗವಿರಲಿಲ್ಲ.

ಮಧ್ಯಾಹ್ನ ಅವಳ ಮನೆಯ ಬಾಗಿಲಲ್ಲಿ ಲಾಳ ತೆಗೆದು ಕೊಟ್ಟೆ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಗ ಅವಳ ಕಣ್ಣು ತುಂಬಿತು.

‘ನಂಗ್ ಹೇಳ್ದೆ, ಸರಿ. ಅಪ್ಪಂಗ್ ಯಾರೇ ಹೇಳ್ತಾರೆ?’

ನಾನು ಬಾಯಿ ತೆರೆದೆ. ಅವಳು ಕೈ ಅಡ್ಡ ಹಿಡಿದಳು. ‘ಏನೂ ಅನ್ಬ್ಯಾಡ. ನಂಗ್ ಹೇಳಿದ್ ಸಾಲಲ್ಲ. ಅವತ್ತು ಯಾರ್ ಯಾರ ಮುಂದೆ ಹಾರ ಹಾಕುಸ್ಕೊಂಡ್ಯೋ, ಅವ್ರಿಗೆಲ್ಲ ಹೇಳು. ಅಪ್ಪ ಕೂತಿದ್ ಸಭೆ ಅದು.’

ಹೇಳುತ್ತಿದ್ದೇನೆ. ಗೋಲಿನ ದಾಖಲೆ ಇಟ್ಟವರಿಗೂ ಬರೆದಿದ್ದೇನೆ. ಅವರು ತಿದ್ದುತ್ತಾರೋ ಇಲ್ಲವೋ ಕಾಣೆ. ನೀವಾದರೂ ತಿದ್ದಿಕೊಳ್ಳಿ: ಕುಣಿಗಲ್ಲಿನ ರತ್ನ ದೇಶಕ್ಕಾಗಿ ಒಂದು ಪಂದ್ಯ ಆಡಿ, ಒಂದು ಗೋಲು ಹೊಡೆದಳು, ಅದರಿಂದಲೇ ಗೆದ್ದೆವು. ಚೇಳೂರಿನ ಭಾಗ್ಯ ಒಂದೂ ಹೊಡೆದಿಲ್ಲ.

ಅವತ್ತು ಹಾಗೆಂದ ಮೇಲೆ ಅವಳು ‘ನೀನು ಈಚೆಗಿರು’ ಎಂದು ಹೇಳಿ, ಲಾಳ ಹಿಡಿದುಕೊಂಡು ಒಳಗೆ ಹೋದಳು. ನಂಜಪ್ಪನವರ ಫೋಟೋ ನಡುಮನೆಯ ಗೋಡೆಯಲ್ಲಿದೆ. ನಾನು ಹೊಸ್ತಿಲಾಚೆ ನಿಂತಿದ್ದೆ. ಅವಳ ಮಾತು ಸಣ್ಣದಾಗಿ ಕೇಳಿಸಿತು.

‘ಹೊಡ್ದೆ ಕಣಪ್ಪಾ ಒಂದು.’

ಅವರಿದ್ದಿದ್ದರೆ ಏನನ್ನುತ್ತಿದ್ದರು ಎಂದು ನನಗೆ ಗೊತ್ತು. ಅದನ್ನು ಅವಳು ಕೇಳಬೇಕಿತ್ತು. ಕೇಳದ ಹಾಗೆ ಮಾಡಿದವಳು ನಾನು.

ಸ್ವಲ್ಪ ಹೊತ್ತಿಗೆ ಅವಳು ಅವರ ಸುತ್ತಿಗೆ ಮತ್ತು ನಾಲ್ಕು ಮೊಳೆ ಹಿಡಿದುಕೊಂಡು ಹೊರಗೆ ಬಂದಳು. ಕಣ್ಣು ಕೆಂಪಾಗಿತ್ತು, ಮುಖದಲ್ಲಿ ಮಾತ್ರ ಆ ಹಳೆಯ ಹಾಸ್ಟೆಲ್ಲಿನ ನಗು. ಲಾಳವನ್ನು ಬಾಗಿಲಿನ ಮೇಲಿಟ್ಟು, ‘ಬಾರೇ ಕಳ್ಳಿ, ನೆಟ್ಟಗೆ ಹಿಡ್ಕೋ’ ಎಂದಳು. ‘ನಂಗೆ ಸುತ್ತಿಗೆ ಅಭ್ಯಾಸ ಇಲ್ಲ. ಬೆರಳಿಗ್ ಒಂದೇಟ್ ಬಿದ್ರೂ ಬೀಳ್ಲಿ, ಕೈ ತೆಗೀಬ್ಯಾಡ.’

ನಾನು ಹಿಡಿದುಕೊಂಡೆ. ಎರಡನೇ ಏಟು ಬೆರಳ ಮೇಲೇ ಬಿತ್ತು. ಕೈ ತೆಗೆಯಲಿಲ್ಲ.